ಹಿಂಬಡ್ತಿ ಬಂದ ವರ್ಷ

ಆ ವರ್ಷ ನಾನು ಶಾಖೆಯ ಬಾಗಿಲಿಗೆ ಬಂದರೆ ಸಾಕು, ಒಳಗಿದ್ದವರು ಬಿಸಿಲಿನ ಬಗ್ಗೆ ಮಾತಾಡತೊಡಗುತ್ತಿದ್ದರು. ವರ್ಷಾನುಗಟ್ಟಲೆ ಜೊತೆಯಲ್ಲಿ ಕೂತವರಿಗೆ ಬೆಂಗಳೂರಿನ ಹವೆಯ ಮೇಲೆ ಇದ್ದಕ್ಕಿದ್ದಂತೆ ಅಷ್ಟೊಂದು ಅಕ್ಕರೆ ಹುಟ್ಟಿದರೆ ಅನುಮಾನ ಬರದೆ ಇರುತ್ತದೆಯೇ? ನಾನು ಬ್ಯಾಗು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಳ್ಳುವವರೆಗೆ ಬಿಸಿಲಿನ ಚರ್ಚೆ. ಆಮೇಲೆ ಒಬ್ಬೊಬ್ಬರೇ ಫೋನು ತೆಗೆದು ಮೇಜಿನ ಅಂಚಿನ ಕೆಳಗೆ ಇಟ್ಟುಕೊಂಡು ಓದುತ್ತಿದ್ದರು. ಕಚೇರಿಯಲ್ಲಿ ಆಗ ಎರಡು ವಾಟ್ಸ್‌ಆಪ್ ಗುಂಪುಗಳಿದ್ದವು, ಒಂದು ಅವರದು, ಒಂದು ನಮ್ಮದು. ಎರಡರಲ್ಲೂ ಓಡಾಡುತ್ತಿದ್ದದ್ದು ಬಡ್ತಿ ಮೀಸಲಾತಿಯ ಬಗೆಗಿನ ಒಂದೇ ತೀರ್ಪಿನ ಪ್ರತಿ. ಅವರು ಅದನ್ನು ಓದಿ ಮುಗುಳ್ನಗುತ್ತಿದ್ದರು, ನಾವು ಓದಿ ನೀರು ಕುಡಿಯುತ್ತಿದ್ದೆವು.

ಕಚೇರಿ ಇರುವುದು ಚಾಮರಾಜಪೇಟೆಯಲ್ಲಿ. ಇಲಾಖೆಯ ಹೆಸರು ಬೇಡ, ಇನ್ನೂ ಅಲ್ಲಿನ ಅನ್ನವನ್ನೇ ತಿನ್ನುತ್ತಿದ್ದೇನೆ. ನಾನಲ್ಲಿ ಅಧೀಕ್ಷಕಿ, ಅಂದರೆ ಒಂದು ಶಾಖೆಯ ಗುಮಾಸ್ತರಿಗೆಲ್ಲ ಮೇಲಿನವಳು. ಅವರು ಬರೆದ ಟಿಪ್ಪಣಿ ನನ್ನ ಸಹಿಯಾಗದೆ ಸಾಹೇಬರ ಮೇಜಿಗೆ ಹೋಗುವುದಿಲ್ಲ, ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತದೆ. ಶ್ರೀರಾಂಪುರದ ಒಂದು ಕೋಣೆಯ ಮನೆಯಲ್ಲಿ ಬೆಳೆದವಳಿಗೆ ಇದು ಸಣ್ಣ ಪದವಿಯಲ್ಲ. ಅಪ್ಪ ಬಟ್ಟೆ ಗಿರಣಿಯಲ್ಲಿದ್ದರು, ಗಿರಣಿ ಮುಚ್ಚಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆದು ನಮ್ಮನ್ನು ಓದಿಸಿದಳು. ನಮ್ಮ ಗೋಡೆಯ ಮೇಲಿದ್ದದ್ದು ಬುದ್ಧನ ಪಟ ಒಂದೇ, ಅವಳು ಹೊಸೆದ ಊದುಬತ್ತಿಯೆಲ್ಲ ಬೇರೆಯವರ ದೇವರಿಗೆ ಹೋಗುತ್ತಿತ್ತು. ನಾನು ಅಧೀಕ್ಷಕಿಯಾದಾಗ ಅವಳಿಗೆ ಆ ಪದ ಬಾಯಿಗೆ ಬರಲಿಲ್ಲ. 'ನನ್ ಮಗಳು ಸೂಪರ್‌ಡೆಂಟು' ಎಂದು ಬೀದಿಗೆಲ್ಲ ಸಾರಿದಳು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತವರಲ್ಲಿ ಅದನ್ನು ಕೇಳಿಸಿಕೊಳ್ಳದೆ ಮನೆಗೆ ಹೋದವರು ಯಾರೂ ಇರಲಾರರು.

ನನ್ನ ಶಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದವರು ನನ್ನ ಗೆಳತಿ. ಎನ್.ಆರ್. ಕಾಲೋನಿಯವರು, ತಂದೆ ಮೇಷ್ಟ್ರು, ತಾತನೂ ಮೇಷ್ಟ್ರು. ನಾವಿಬ್ಬರೂ ಒಂದೇ ಪರೀಕ್ಷೆ ಬರೆದು ಒಂದೇ ವಾರದಲ್ಲಿ ದ್ವಿತೀಯ ದರ್ಜೆಯ ಗುಮಾಸ್ತೆಯರಾಗಿ ಸೇರಿದೆವು. ಆಯ್ಕೆ ಪಟ್ಟಿಯಲ್ಲಿ ಅವರು ನನಗಿಂತ ಮೇಲಿದ್ದರು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಸೇರಿದ ದಿನದಿಂದ ಮಧ್ಯಾಹ್ನದ ಊಟ ಒಟ್ಟಿಗೆ. ಅವರ ಹುಳಿ ನನಗೆ, ನನ್ನ ಬಸ್ಸಾರು ಅವರಿಗೆ. ನಾನು ಕೋಳಿಸಾರು ತಂದ ದಿನ ಬೇರೆ ಮೇಜಿಗೆ ಹೋಗುತ್ತಿದ್ದೆ, ಅವರು ವ್ರತದ ದಿನ ಬಾಳೆಹಣ್ಣು ತಿಂದು ಸುಮ್ಮನಿರುತ್ತಿದ್ದರು. ನನ್ನ ಹೆರಿಗೆಯ ಸಮಯದಲ್ಲಿ ನನ್ನ ಕಡತಗಳನ್ನೆಲ್ಲ ನೋಡಿಕೊಂಡವರು ಅವರು, ಅವರ ತಂದೆ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವರು ನನ್ನ ಯಜಮಾನರು. ಇಷ್ಟು ವರ್ಷದಲ್ಲಿ ನಾವು ಜಾತಿಯ ಮಾತೆತ್ತಿದ್ದೇ ಇಲ್ಲ. ಇದನ್ನು ದೊಡ್ಡತನ ಎಂದು ಹೇಳಿಕೊಂಡು ಓಡಾಡುವವರಿದ್ದಾರೆ. ನನಗೇನೋ ಅದು ಭಯವೆಂದೇ ಅನಿಸುತ್ತದೆ, ಇಬ್ಬರದೂ.

ಪ್ರಥಮ ದರ್ಜೆಗೆ ಬಡ್ತಿ ಬಂದಾಗ ಅದು ಮೀಸಲಾತಿಯ ಸ್ಥಾನವಾಗಿತ್ತು, ನನಗೆ ಸಿಕ್ಕಿತು. ಅವರಿಗೆ ಅದೇ ಬಡ್ತಿ ಸಿಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಅದರ ಮೇಲಿನ ಅಧೀಕ್ಷಕಿಯ ಹುದ್ದೆಗೆ ನನಗೆ ಮೀಸಲಾತಿ ಬೇಕಾಗಲಿಲ್ಲ. ಪ್ರಥಮ ದರ್ಜೆಗೆ ಮೊದಲು ಹತ್ತಿದವಳು ನಾನು, ಆದ್ದರಿಂದ ಸೀನಿಯಾರಿಟಿಯೂ ನನ್ನದೇ ಎಂದು ಆಗಿನ ಕಾನೂನು ಹೇಳುತ್ತಿತ್ತು. ಹಾಗೆ ನಾನು ಅಧೀಕ್ಷಕಿಯಾದೆ, ಅವರು ನನ್ನ ಕೈಕೆಳಗೆ ಬಂದರು. ಜಗಳವೆಲ್ಲ ಇರುವುದು ಇಲ್ಲೇ. ಮೀಸಲಾತಿಯಲ್ಲಿ ಮೊದಲು ಬಡ್ತಿ ಪಡೆದವರಿಗೆ ಸೀನಿಯಾರಿಟಿಯೂ ಜೊತೆಗೇ ಬರುತ್ತದೆಯೇ, ಇಲ್ಲ ಹಿಂದೆ ಉಳಿದವರು ಅದೇ ಹುದ್ದೆಗೆ ಬಂದ ದಿನ ತಮ್ಮ ಹಳೆಯ ಸ್ಥಾನವನ್ನು ವಾಪಸು ಪಡೆಯುತ್ತಾರೆಯೇ? ಹೊರಗಿನವರಿಗೆ ಇದು ತಲೆಬುಡ ಗೊತ್ತಾಗದ ಲೆಕ್ಕ. ನಮ್ಮ ಶಾಖೆಯಲ್ಲಿ ಅದು ಯಾರು ಯಾವ ಕುರ್ಚಿಯಲ್ಲಿ ಕೂರಬೇಕು ಎಂಬ ಪ್ರಶ್ನೆ.

ಇದರ ಚರಿತ್ರೆ ನನಗೆ ಬಾಯಿಪಾಠ. ಗೆಳತಿಯ ಮನೆಯಲ್ಲಿ ಮಕ್ಕಳಿಗೆ ಗೋತ್ರ ಪ್ರವರ ಕಲಿಸುವ ಹಾಗೆ ನಮ್ಮ ಮನೆಗಳಲ್ಲಿ ಇದನ್ನು ಕಲಿಸುತ್ತಾರೆ. ಮಹಾರಾಜರ ಕಾಲದಲ್ಲೇ, ಮೈಸೂರು ಸರ್ಕಾರದ ಕೆಲಸವೆಲ್ಲ ಒಂದೇ ಜಾತಿಯವರ ಕೈಲಿದೆ ಎಂದು ಉಳಿದವರು ದನಿಯೆತ್ತಿ, ಸಮಿತಿ ಕೂತು, ಬೇರೆಯವರಿಗೂ ಪಾಲು ಕೊಡಿ ಎಂದು ಆದೇಶವಾಯಿತು. ಆಮೇಲೆ ಸಂವಿಧಾನ ಬಂತು. ಅದರ ಹದಿನಾರನೆಯ ವಿಧಿ ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದಿತು, ಹಿಂದುಳಿದವರಿಗೆ ಹುದ್ದೆ ಕಾದಿರಿಸಬಹುದು ಎಂದೂ ಅಂದಿತು. ಆ ಎರಡು ಮಾತಿನ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತೆ ನಾವು. ನೇಮಕಾತಿಯಲ್ಲಿ ಕೊಡಿ, ಬಡ್ತಿಯಲ್ಲಿ ಬೇಡ ಎಂದು ನ್ಯಾಯಾಲಯ ಹೇಳಿತು. ಸಂಸತ್ತು ಸಂವಿಧಾನವನ್ನು ತಿದ್ದಿ, ಬಡ್ತಿಯಲ್ಲೂ ಕೊಡಬಹುದು ಎಂದಿತು. ಬಡ್ತಿ ಕೊಟ್ಟರೂ ಸೀನಿಯಾರಿಟಿ ಕೊಡಬೇಡಿ ಎಂದು ನ್ಯಾಯಾಲಯ. ಅದನ್ನೂ ಕೊಡಬಹುದು ಎಂದು ಮತ್ತೊಂದು ತಿದ್ದುಪಡಿ. ಸರಿ, ಕೊಡಿ, ಆದರೆ ಇವರು ಹಿಂದುಳಿದಿದ್ದಾರೆ, ಇವರ ಸಂಖ್ಯೆ ಸಾಲದು, ಇವರಿಗೆ ಕೊಟ್ಟರೆ ಆಡಳಿತದ ದಕ್ಷತೆ ಕೆಡುವುದಿಲ್ಲ ಎಂದು ಮೊದಲು ಅಂಕಿಅಂಶ ತೋರಿಸಿ ಎಂದು ಮತ್ತೆ ನ್ಯಾಯಾಲಯ. ಈ ಕೊನೆಯ ಮಾತು ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ. ನಾನು ಸಹಿ ಹಾಕಿದರೆ ಆಡಳಿತ ಕೆಡುತ್ತದೆಯೇ ಎಂದು ಲೆಕ್ಕ ಹಾಕಿ ತೋರಿಸಬೇಕಂತೆ. ಬೇರೆ ಯಾರ ಸಹಿಗೂ ಈ ಲೆಕ್ಕ ಕೇಳಿದವರನ್ನು ನಾನು ಕಾಣೆ.

ನಮ್ಮ ರಾಜ್ಯದ ಕಾನೂನು ಬಿದ್ದುಹೋದದ್ದು ಆ ಅಂಕಿಅಂಶ ಇಲ್ಲ ಎಂಬ ಕಾರಣಕ್ಕೇ. ಲೆಕ್ಕ ಕೊಡದೆ ಇದ್ದದ್ದು ಸರ್ಕಾರ, ದಂಡ ತೆರಬೇಕಾದವರು ನಾವು. ತೀರ್ಪಿನ ಮೇಲೆ ಎಲ್ಲ ಇಲಾಖೆಗಳೂ ಜ್ಯೇಷ್ಠತಾ ಪಟ್ಟಿಯನ್ನು, ಅಂದರೆ ಯಾರು ಮುಂದೆ ಯಾರು ಹಿಂದೆ ಎಂಬ ಸಾಲನ್ನು, ಹಳೆಯ ದಿನಗಳಿಂದ ಹೊಸದಾಗಿ ಬರೆಯಬೇಕಾಯಿತು. ಇವತ್ತು ಬರುತ್ತಂತೆ, ನಾಳೆ ಬರುತ್ತಂತೆ ಎಂದು ತಿಂಗಳುಗಟ್ಟಲೆ ಕಾದೆವು. ಬೇರೆ ಇಲಾಖೆಗಳಿಂದ ಒಂದೊಂದೇ ಸುದ್ದಿ ಬರುತ್ತಿತ್ತು. ಎಂಜಿನಿಯರೊಬ್ಬರು ತಮಗಿಂತ ಕಿರಿಯರ ಎದುರು ನಿಂತು ರಜೆ ಕೇಳಬೇಕಾಯಿತಂತೆ. ಇನ್ನೊಬ್ಬರು ಮನೆಯಲ್ಲಿ ಹೇಳದೆ ಸ್ವಯಂ ನಿವೃತ್ತಿ ಬರೆದುಕೊಟ್ಟು, ದಿನಾ ಡಬ್ಬಿ ಹಿಡಿದು ಹೊರಟು ಲಾಲ್‌ಬಾಗಿನಲ್ಲಿ ಕೂತು ಬರುತ್ತಿದ್ದರಂತೆ. ಯಾವುದು ನಿಜ ಯಾವುದು ಸುಳ್ಳು ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲವೂ ನನಗೇ ಆಗಲಿರುವಂತೆ ಕೇಳಿಸುತ್ತಿತ್ತು.

ನಮ್ಮವರಲ್ಲಿ ಒಂದು ನಂಬಿಕೆ ಹಬ್ಬಿತ್ತು. ಆದೇಶವನ್ನು ಕೈಗೆ ಕೊಟ್ಟು ಸಹಿ ಪಡೆಯದಿದ್ದರೆ ಅದು ಜಾರಿಯಾಗುವುದಿಲ್ಲವಂತೆ. ಆದ್ದರಿಂದ ಒಬ್ಬೊಬ್ಬರೂ ಬೆನ್ನುನೋವು, ಸಕ್ಕರೆ ಕಾಯಿಲೆ ಎಂದು ವೈದ್ಯಕೀಯ ರಜೆ ಹಾಕಿ ಮನೆ ಸೇರಿದರು. ಯಜಮಾನರು ನನಗೂ ಹಾಗೇ ಮಾಡು ಎಂದರು. ಕಳ್ಳಿಯ ಹಾಗೆ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರುವವಳು ನಾನಲ್ಲ ಎಂದು ಜಗಳವಾಡಿದೆ. ಜಂಬದ ಮಾತೇನೋ ಆಡಿದೆ, ಆದರೆ ಟಪಾಲಿನವನ ಚಪ್ಪಲಿಯ ಸದ್ದು ಕೇಳಿದರೆ ಕಡತದಲ್ಲಿ ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಅಮ್ಮನಿಗೆ ಮಾತ್ರ ಏನೂ ಹೇಳಕೂಡದು ಎಂದು ಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದ್ದೆ. ಹುದ್ದೆ ಹೋದರೆ ಹೇಗೋ ಸಹಿಸುತ್ತೇನೆ, ಅಮ್ಮ ನಲ್ಲಿಯ ಹತ್ತಿರ ತಲೆ ತಗ್ಗಿಸಿ ನಿಲ್ಲುವುದನ್ನು ಸಹಿಸಲಾರೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಆದೇಶ ಬಂದಾಗ ಟಪಾಲು ಒಡೆದವರು ಗೆಳತಿಯೇ, ಅದು ಅವರ ಕೆಲಸವಾಗಿತ್ತು. ಓದಿದರು, ಮಡಿಸಿದರು, ಎದ್ದು ಬಂದು ನನ್ನ ಮುಂದಿಟ್ಟರು. ಒಂದೇ ಆದೇಶದಲ್ಲಿ ಎರಡು ಸಂಗತಿಯಿತ್ತು. ನನಗೆ ಪ್ರಥಮ ದರ್ಜೆಗೆ ಹಿಂಬಡ್ತಿ, ಹಾಗೆ ತೆರವಾದ ಸ್ಥಾನಕ್ಕೆ ಅವರಿಗೆ ಬಡ್ತಿ. ನಾನು ಸ್ವೀಕರಿಸಿದೆ ಎಂದು ಬರೆದು ಸಹಿ ಮಾಡಿದೆ. ಆ ಮಧ್ಯಾಹ್ನ ಇಬ್ಬರೂ ಡಬ್ಬಿ ತೆರೆಯಲಿಲ್ಲ.

ಮಾರನೆಯ ದಿನ ಬೇಗ ಹೋಗಿ ನನ್ನ ಡ್ರಾಯರು ಖಾಲಿ ಮಾಡುತ್ತಿದ್ದೆ. ಅವರು ಒಳಗೆ ಬಂದವರು ನನ್ನ ಕೈ ಹಿಡಿದುಕೊಂಡರು.

"ನೀವು ಇಲ್ಲೇ ಕೂತ್ಕೊಳ್ಳಿ. ನಾನು ನನ್ ಜಾಗದಲ್ಲೇ ಇರ್ತೀನಿ. ಕಾಗದದಲ್ಲಿ ಏನಾದ್ರೂ ಬರ್ಕೊಳ್ಲಿ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ, ಅಷ್ಟು ಸೋತುಹೋಗಿದ್ದೆ. ಹಾಗೆ ಬೆಂಗಳೂರಿನ ಯಾವ ಕಚೇರಿಯಲ್ಲೂ ನಡೆಯದ ಒಂದು ನಾಟಕ ನಮ್ಮ ಶಾಖೆಯಲ್ಲಿ ಶುರುವಾಯಿತು. ದೊಡ್ಡ ಮೇಜಿನಲ್ಲಿ ಕೂತು ನಾನು ಟಿಪ್ಪಣಿ ಬರೆಯುತ್ತಿದ್ದೆ, ಮೂಲೆಯ ಸಣ್ಣ ಮೇಜಿನಲ್ಲಿ ಕೂತು ಅವರು ಅದಕ್ಕೆ ಮೇಲಿನವರಾಗಿ ಸಹಿ ಮಾಡುತ್ತಿದ್ದರು. ಹಾಜರಿ ಪುಸ್ತಕ ನನ್ನ ಮುಂದೆಯೇ ಇತ್ತು, ಅವರು ಎದ್ದು ಬಂದು ಅದರ ಮೊದಲ ಸಾಲಿನಲ್ಲಿ, ಹಿಂದೆ ನನ್ನ ಹೆಸರಿದ್ದಲ್ಲಿ, ಸಹಿ ಮಾಡಿ ಹೋಗುತ್ತಿದ್ದರು. ಬೇರೆ ಶಾಖೆಯವರು ಯಾವುದೋ ನೆಪದಲ್ಲಿ ಬಂದು ಇಣುಕಿ ನೋಡುತ್ತಿದ್ದರು. ಅವರ ಗುಂಪಿನವರು ಗೆಳತಿಗೆ ಬುದ್ಧಿ ಹೇಳಿದರಂತೆ, ನಮ್ಮ ಗುಂಪಿನವರು ನನಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು. ಆ ದಿನಗಳಲ್ಲಿ ಗೆಳತಿಯನ್ನು ಒಡಹುಟ್ಟಿದವಳಿಗಿಂತ ಹೆಚ್ಚಾಗಿ ಪ್ರೀತಿಸಿದೆ. ರಾಜ್ಯದಲ್ಲಿ ಸಾವಿರ ತೀರ್ಪು ಬರಲಿ, ನಮ್ಮಿಬ್ಬರ ನಡುವೆ ಬರಲಾರದು ಎಂದುಕೊಂಡೆ.

ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಮತ್ತೆ ತೋರಿಸಲು ಯಜಮಾನರು ಅವಳನ್ನು ಕಚೇರಿಯ ಹತ್ತಿರದ ಕಣ್ಣಾಸ್ಪತ್ರೆಗೆ ಕರೆತಂದಿದ್ದರು. ಮುಗಿದ ಮೇಲೆ, ಸಂಜೆ ನನ್ನ ಜೊತೆಯೇ ಮನೆಗೆ ಬರಲಿ ಎಂದು ನಮ್ಮ ಶಾಖೆಗೆ ತಂದು ಕೂರಿಸಿ, ಅಕ್ಕಿಪೇಟೆಯಲ್ಲಿ ವೈರಿಂಗ್ ಕೆಲಸವಿದೆ ಎಂದು ಹೋದರು. ಗೆಳತಿ ಅಮ್ಮನಿಗೆ ಕಾಫಿ ತರಿಸಿದರು, ನಿಮ್ಮ ಮಗಳು ಇರೋದಕ್ಕೇ ನಮ್ಮ ಶಾಖೆ ನಡೀತಿದೆ ಎಂದರು. ಅಮ್ಮ ಹೊಸ ಕಣ್ಣಲ್ಲಿ ನನ್ನನ್ನು, ನನ್ನ ಮೇಜನ್ನು, ಕುರ್ಚಿಗೆ ಹಾಕಿದ್ದ ಟವೆಲನ್ನು ನೋಡಿ ನೋಡಿ ಸುಖಪಡುತ್ತಿದ್ದಳು. ಆ ಹೊತ್ತಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಸಾಹೇಬರು ಶಾಖೆಗಳನ್ನು ನೋಡುತ್ತಾ ನಮ್ಮಲ್ಲಿಗೂ ಬಂದರು. ಎಲ್ಲರೂ ಎದ್ದು ನಿಂತೆವು. ಇಲ್ಲಿ ಅಧೀಕ್ಷಕರು ಯಾರು ಎಂದು ಅವರು ಕೇಳಿದರು. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು.

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಮೂಲೆಯ ಮೇಜಿನಿಂದ ಗೆಳತಿಯ ದನಿ ಬಂತು.

"ನಾನು ಸರ್."

ಅದರಲ್ಲಿ ಸುಳ್ಳೇನಿತ್ತು? ಏನೂ ಇಲ್ಲ. ಸಾಹೇಬರು ಅವರ ಮೇಜಿನ ಬಳಿ ನಿಂತು ಬಾಕಿ ಕಡತಗಳ ಬಗ್ಗೆ ವಿಚಾರಿಸಿ ಹೋದರು. ಗೆಳತಿ ನನ್ನ ಕಡೆ ನೋಡಲಿಲ್ಲ. ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಸಂಜೆ ಆಟೋದಲ್ಲಿ ಮಾಗಡಿ ರಸ್ತೆ ದಾಟಿದೆವು. ಆಮೇಲೆ ಅಮ್ಮ ಕೇಳಿದಳು.

"ಆ ಕುರ್ಚಿ ಆವಮ್ಮಂದಾ?"

ಹೌದು, ಕೋರ್ಟಿನಲ್ಲಿ ಹಾಗಾಯಿತು, ಅವರೇ ಒಳ್ಳೆಯ ಮನಸ್ಸಿನಿಂದ ನನ್ನನ್ನು ಕೂರಿಸಿದ್ದಾರೆ ಎಂದು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅಮ್ಮ ಸಮಾಧಾನ ಮಾಡಲಿಲ್ಲ.

"ಅವ್ರು ಪಾಪ ಅಂತ ಕೊಟ್ರೆ ನೀನ್ ಕೂತ್ಬಿಡೋದಾ? ನಾಳೆಯಿಂದ ನಿನ್ ಜಾಗ ಯಾವ್ದೋ ಅಲ್ಲೇ ಕೂತ್ಕೊ."

ಮಾರನೆಯ ದಿನ ಮೂಲೆಯ ಮೇಜಿಗೆ ಹೋದೆ. ಗೆಳತಿ ದೊಡ್ಡ ಮೇಜಿಗೆ ಬಂದು ಕೂತರು. ನಾನು ತಡವಾಗಿ ಬಂದ ದಿನ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೀಟು ಬಿತ್ತು. ನ್ಯಾಯವೇ, ನಾನಿದ್ದಾಗಲೂ ಹಾಗೇ ಹಾಕುತ್ತಿದ್ದೆ. ಊಟ ಮಾತ್ರ ಒಟ್ಟಿಗೇ ನಡೆಯಿತು. ಅಮ್ಮ ನಲ್ಲಿಗೆ ಹೋಗುವ ಸಮಯವನ್ನು ಬದಲಾಯಿಸಿಕೊಂಡಳು, ಜನ ಕಡಿಮೆ ಇರುವಾಗ ಹೋಗಿ ಬರುತ್ತಿದ್ದಳು. ನಾನು ಹೆದರಿದ್ದು ಅದಕ್ಕೇ, ಅದೇ ಆಯಿತು.

ಅಷ್ಟರಲ್ಲಿ ಸರ್ಕಾರ ಸಮಿತಿ ಕೂರಿಸಿ, ಮೊದಲೇ ಕೊಡಬೇಕಾಗಿದ್ದ ಅಂಕಿಅಂಶವನ್ನು ಕಲೆಹಾಕಿ ಹೊಸ ಕಾನೂನು ಮಾಡಿತ್ತು. ಅದೂ ನ್ಯಾಯಾಲಯಕ್ಕೆ ಹೋಯಿತು. ಈ ಸಲ ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮ ಗುಂಪಿನಲ್ಲಿ ಲಾಡುವಿನ ಚಿತ್ರಗಳು ಓಡಾಡಿದವು, ಅವರ ಗುಂಪು ಮೌನವಾಯಿತು. ನನ್ನನ್ನು ಮತ್ತೆ ಅಧೀಕ್ಷಕಿಯಾಗಿ ಅದೇ ಶಾಖೆಗೆ ಹಾಕಿದರು. ಗೆಳತಿಯನ್ನು ಕೆಳಗಿಳಿಸಲಿಲ್ಲ, ಹೆಚ್ಚುವರಿ ಹುದ್ದೆ ಮಾಡಿ ಪಕ್ಕದ ಶಾಖೆಗೆ ಕಳಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನಗೆ ನಿಜವಾಗಿ ಸಂತೋಷವಾಯಿತು. ಅವರು ಕೆಳಗೆ ಬರಬೇಕಾಗಿದ್ದರೆ ನಾನು ಆ ಮೇಜಿನಲ್ಲಿ ಹೇಗೆ ಕೂರುತ್ತಿದ್ದೆನೋ.

ಪ್ರಭಾರ ವಹಿಸಿಕೊಡುವಾಗ ಒಂದೇ ಕಾಗದಕ್ಕೆ ಇಬ್ಬರೂ ಸಹಿ ಮಾಡಬೇಕು, ಬಿಟ್ಟುಕೊಡುವವರು ಎಡಕ್ಕೆ, ವಹಿಸಿಕೊಳ್ಳುವವರು ಬಲಕ್ಕೆ. ಅವರು ಸಹಿ ಮಾಡಿ, ಬೀರುವಿನ ಕೀಲಿಕೈ ನನ್ನ ಮುಂದಿಟ್ಟು, ಹೋಗದೆ ಅಲ್ಲೇ ನಿಂತರು. ಮುಂಚಿನ ಕಾನೂನನ್ನು ಬೀಳಿಸಿದ ಕೇಸಿಗೆ ತಾವೂ ಸೇರಿಕೊಂಡಿದ್ದಾಗಿ ಹೇಳಿದರು. ಯಾವಾಗಿನಿಂದ ಎಂದು ಕೇಳಿದೆ. ನೀವು ಅಧೀಕ್ಷಕಿಯಾದ ವರ್ಷದಿಂದ ಎಂದರು. ಅಂದರೆ ನನ್ನ ಬಸ್ಸಾರು ತಿನ್ನುತ್ತಿದ್ದ ಅಷ್ಟೂ ವರ್ಷ. ನನ್ನ ಹಿಂಬಡ್ತಿಯ ಆದೇಶವನ್ನು ಮಡಿಸಿ ತಂದುಕೊಟ್ಟ ದಿನವೂ.

"ನಿಮ್ ಮೇಲಲ್ಲ ಕಣ್ರೀ, ಕಾನೂನಿನ ಮೇಲೆ. ಪರೀಕ್ಷೇಲಿ ನಾನು ಮುಂದಿದ್ದೆ. ನಮ್ಮಪ್ಪ ಕೊನೇವರೆಗೂ ಬಾಡಿಗೆ ಮನೇಲೇ ಇದ್ರು. ನಾನ್ ಯಾರದ್ದು ಕಿತ್ಕೊಂಡಿದ್ದೆ ಹೇಳಿ?"

ಅವರ ಕಣ್ಣಲ್ಲಿ ನೀರಿತ್ತು, ಅದು ಬೂಟಾಟಿಕೆಯಲ್ಲ. ಅವರ ಅಪ್ಪನ ಬಾಡಿಗೆ ಮನೆ ನನಗೂ ಗೊತ್ತು, ಆ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಒಳಗೆ ಕರೆದಿರಲಿಲ್ಲ ಎನ್ನುವುದು ಆ ಕ್ಷಣದಲ್ಲಿ ಮೊದಲ ಸಲ ನೆನಪಾಯಿತು. ಆದರೆ ನಾನು ಹೇಳಿದ್ದು ಬೇರೆ.

"ನನ್ ಮೇಲೇನೇ. ಈ ಶಾಖೇಲಿ ಆ ಕಾನೂನು ಅಂದ್ರೆ ನಾನೊಬ್ಳೇ ಅಲ್ವಾ?"

ಅವರು ಕಣ್ಣೊರೆಸಿಕೊಂಡರು. ಇದು ಇಲ್ಲಿಗೆ ಮುಗಿಯುವುದಿಲ್ಲ, ಯಾವತ್ತಾದರೂ ತಮ್ಮವರು ಈ ಕಾನೂನಿನ ಮೇಲೂ ಅರ್ಜಿ ಹಾಕುತ್ತಾರೆ, ಹಾಕಿದರೆ ತಾನೂ ಸೇರುತ್ತೇನೆ ಎಂದರು. ಆದರೆ ಹೋದ ಸಲ ಮುಚ್ಚಿಟ್ಟು ತಪ್ಪು ಮಾಡಿದೆ, ಈ ಸಲ ನಿಮಗೇ ಮೊದಲು ಹೇಳುತ್ತೇನೆ ಎಂದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ದ್ವೇಷ ಮಾಡುವವರಿಂದ ತಪ್ಪಿಸಿಕೊಳ್ಳಬಹುದು. ನನ್ನನ್ನು ಇಷ್ಟಪಡುತ್ತಲೇ, ಕಣ್ಣೀರು ಹಾಕುತ್ತಲೇ, ತಮ್ಮದು ನ್ಯಾಯವೆಂದು ನಂಬಿ ಸಹಿ ಮಾಡುವವರಿಂದ ಎಲ್ಲಿಗೆ ಓಡುವುದು? ಬಲಗಡೆ ನಾನು ಸಹಿ ಮಾಡಿದೆ.

ಈಗಲೂ ಅವರು ಪಕ್ಕದ ಶಾಖೆಯಲ್ಲೇ ಇದ್ದಾರೆ. ಹಬ್ಬದ ಮಾರನೆಯ ದಿನ ಒಬ್ಬಟ್ಟು ಕಳಿಸುತ್ತಾರೆ, ತಿನ್ನುತ್ತೇನೆ. ಅಮ್ಮ ನಲ್ಲಿಯ ಹತ್ತಿರ ಹಳೆಯ ಸಮಯಕ್ಕೇ ಹೋಗುತ್ತಿದ್ದಾಳೆ, ಆದರೆ ಸೂಪರ್‌ಡೆಂಟು ಎಂಬ ಮಾತನ್ನು ಬೀದಿಯಲ್ಲಿ ಎತ್ತುತ್ತಿಲ್ಲ.

ಹೋದ ವಾರ ಗೆಳತಿ ನನ್ನ ಶಾಖೆಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಹೊಸ ಅರ್ಜಿಗೆ ಸಹಿ ಹಾಕಿದೆ, ನಿಮಗೇ ಮೊದಲು ಹೇಳುತ್ತಿದ್ದೇನೆ ಎಂದರು. ಕೊಟ್ಟ ಮಾತು ತಪ್ಪುವವರಲ್ಲ. ಆಗಲಿ ಎಂದು ತಲೆಯಾಡಿಸಿದೆ. ಅಂದು ಮನೆಗೆ ಹೋದವಳೇ, ಯಾರಿಗೂ ತಾಕೀತು ಮಾಡದೆ, ನೇರವಾಗಿ ಅಮ್ಮನಿಗೆ ಹೇಳಿದೆ. ಯಾರು ಎಂದು ಅವಳು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ.

"ಕುರ್ಚಿ ಬಿಡೋದು ಯಾವಾಗಂತೆ?" ಎಂದಳು.

ಗೊತ್ತಿಲ್ಲ ಎಂದೆ.